ಬೂದಿ ಯಾವುದು, ದೂಳು ಯಾರದು? ಪರಿಸರ ವಿಶ್ಲೇಷಣಾ ವಿಜ್ಞಾನದ ಸ್ನಾತಕೋತ್ತರ ಓದಿನಲ್ಲಿ ಏನಿರುತ್ತದೆ?

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಕುಡತಿನಿ ಸಿಗುತ್ತದೆ. ಈ ಊರಿಗೂ ಬೂದಿಗೂ ಎರಡು ಬಗೆಯ ನಂಟಿದೆ. ಒಂದು, ಇಲ್ಲಿನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ (ಬಿಟಿಪಿಎಸ್) ಬೂದಿ. ಕರ್ನಾಟಕ ವಿದ್ಯುತ್ ನಿಗಮದ ಈ ಸ್ಥಾವರದಲ್ಲಿ 500 ಮೆಗಾವಾಟ್‌ನ ಎರಡು ಹಾಗೂ 700 ಮೆಗಾವಾಟ್‌ನ ಒಂದು, ಒಟ್ಟು 1,700 ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳಿವೆ. ಕಲ್ಲಿದ್ದಲು ಉರಿದ ಮೇಲೆ ಉಳಿಯುವುದು ಈ ಬೂದಿ.

ಇನ್ನೊಂದು ಬೂದಿ ಸಾವಿರಾರು ವರ್ಷ ಹಳೆಯದು. ಕುಡತಿನಿ ಸಮೀಪದ ಬೂದಿದಿಬ್ಬ ನವಶಿಲಾಯುಗದ ಕಾಲದ್ದು. ಅದು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂಬ ಕತೆ ಈ ಭಾಗದಲ್ಲಿತ್ತು. ಜ್ವಾಲಾಮುಖಿಯ ಬೂದಿ, ಲೋಹ ಕರಗಿಸಿದ ಕುಲುಮೆಯ ಕಿಟ್ಟ ಎಂಬ ಊಹೆಗಳೂ ಇದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಇರಬೇಕೆಂದರು. 1957ರಲ್ಲಿ ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ರೇಮಂಡ್ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳು ಸಿಕ್ಕವು. 1960ರ ಸುಮಾರಿಗೆ ಲಂಡನ್ನಿನ ಫ್ರೆಡರಿಕ್ ಝೋಯ್ನರ್ ಬಳ್ಳಾರಿ ಜಿಲ್ಲೆಯ ಬೂದಿದಿಬ್ಬಗಳ ಮೂಲವನ್ನು ಪರೀಕ್ಷಿಸಿ, ಇದು ದನದ ಸಗಣಿಯ ಬೂದಿಯೇ ಎಂಬ ತೀರ್ಮಾನಕ್ಕೆ ಬಂದರು.

ನೂರು ವರ್ಷಕ್ಕೂ ಮಿಕ್ಕಿದ ಚರ್ಚೆಯನ್ನು ಬಗೆಹರಿಸಿದ್ದು ಅಗೆತ ಮತ್ತು ಮಾದರಿಯ ಪರೀಕ್ಷೆ. ಇಂದಿನ ಪ್ರಶ್ನೆಗಳೂ ಅದೇ ಜಾತಿಯವು. ಮನೆಯ ಮಾಳಿಗೆಯ ಮೇಲೆ ಕೂತ ದೂಳು ಎಲ್ಲಿಂದ ಬಂತು? ಬೋರ್‌ವೆಲ್ ನೀರಿನಲ್ಲಿ ಏನಿದೆ? ಬೆಳೆಯ ಎಲೆಯ ಮೇಲಿನ ಪುಡಿ ಬೂದಿಯೋ, ಅದಿರಿನದೋ, ಹೊಲದ ಮಣ್ಣೋ? ಇವುಗಳಿಗೆ ಪುರಾವೆಯೊಂದಿಗೆ ಉತ್ತರ ಹೇಳುವ ವಿದ್ಯೆಯೇ ಪರಿಸರ ವಿಶ್ಲೇಷಣಾ ವಿಜ್ಞಾನ. ಬಿಎಸ್ಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗೂ, ಇಂಥ ವರದಿಗಳನ್ನು ಓದಬೇಕಾಗಿ ಬರುವ ಊರಿನವರಿಗೂ ಈ ಓದಿನೊಳಗೆ ಏನಿದೆ ಎಂದು ತಿಳಿದಿರುವುದು ಒಳ್ಳೆಯದು.

ಇದು ಪರಿಸರ ವಿಜ್ಞಾನವೋ, ರಸಾಯನ ವಿಜ್ಞಾನವೋ?

ಎರಡೂ ಸೇರುವ ಜಾಗ. ಪರಿಸರ ವಿಜ್ಞಾನ ಕೆರೆ, ಕಾಡು, ಗಾಳಿ, ಹವಾಮಾನ, ಕಾನೂನು ಎಲ್ಲವನ್ನೂ ಒಟ್ಟಾಗಿ ನೋಡುತ್ತದೆ. ವಿಶ್ಲೇಷಣಾ ರಸಾಯನ ವಿಜ್ಞಾನ, ಅಂದರೆ ಅನಾಲಿಟಿಕಲ್ ಕೆಮಿಸ್ಟ್ರಿ, ಒಂದು ವಸ್ತುವಿನಲ್ಲಿ ಏನಿದೆ, ಎಷ್ಟಿದೆ ಎಂದು ಹುಡುಕುತ್ತದೆ. ಇವೆರಡನ್ನೂ ಬೆಸೆದು, ನೀರು, ಗಾಳಿ, ಮಣ್ಣು, ಆಹಾರ, ಜೀವಿಗಳ ದೇಹದಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿರುವ ವಸ್ತುಗಳನ್ನು ಅಳೆಯುವುದು ಈ ವಿಷಯದ ಕೆಲಸ.

ನಮ್ಮಲ್ಲಿ ಇದೇ ಹೆಸರಿನ ಪದವಿ ಸಿಗುವುದು ವಿರಳ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಎರಡು ದಾರಿಗಳಲ್ಲಿ ಇಲ್ಲಿಗೆ ಬರುತ್ತಾರೆ. ಒಂದು, ಎಂಎಸ್ಸಿ ಪರಿಸರ ವಿಜ್ಞಾನ. ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ವಿಭಾಗಗಳಿವೆ. ಇನ್ನೊಂದು, ರಸಾಯನ ವಿಜ್ಞಾನ ಅಥವಾ ಕೈಗಾರಿಕಾ ರಸಾಯನ ವಿಜ್ಞಾನದಲ್ಲಿ ಎಂಎಸ್ಸಿ ಮಾಡಿ, ಪ್ರಾಜೆಕ್ಟ್‌ಗೆ ಪರಿಸರದ ವಿಷಯ ಆಯ್ದುಕೊಳ್ಳುವುದು. ಕುಡತಿನಿಯವರಿಗೆ ಹತ್ತಿರ ಇರುವುದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. 2010ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನದ ವಿಭಾಗಗಳಿವೆ. ಸಂಡೂರು ತಾಲ್ಲೂಕಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯ ಓದೂ ಇದೆ.

ಪದವಿಯ ಹೆಸರಿಗಿಂತ ಅದರ ಪಠ್ಯಕ್ರಮ ಮತ್ತು ಪ್ರಯೋಗಾಲಯ ಮುಖ್ಯ. ಎಂಎಸ್ಸಿ ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿಎಸ್ಸಿಯಲ್ಲಿ ರಸಾಯನ ವಿಜ್ಞಾನ ಓದಿರುವವರಿಗೆ ದಾರಿ ಸಲೀಸು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರಿಗೂ ಪರಿಸರ ವಿಜ್ಞಾನದ ಬಾಗಿಲು ಹಲವು ಕಡೆ ತೆರೆದಿರುತ್ತದೆ, ಆದರೆ ಮೊದಲ ಸೆಮಿಸ್ಟರಿನಲ್ಲಿ ಮೋಲ್ ಲೆಕ್ಕ, ಸಮತೋಲನ, ಆಮ್ಲ-ಪ್ರತ್ಯಾಮ್ಲಗಳನ್ನು ಮತ್ತೆ ಓದಿಕೊಳ್ಳಬೇಕಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ, ಐಐಟಿಗಳಿಗೆ ಜಾಮ್ ಪರೀಕ್ಷೆ ಇದೆ. ರಾಜ್ಯ ವಿಶ್ವವಿದ್ಯಾಲಯಗಳ ಅರ್ಹತೆ, ಶುಲ್ಕ, ದಿನಾಂಕಗಳನ್ನು ಆಯಾ ವರ್ಷದ ಪ್ರವೇಶ ಅಧಿಸೂಚನೆಯಲ್ಲೇ ನೋಡಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

ಮೊದಲ ಪಾಠ: ಎಷ್ಟು ಕಡಿಮೆ ಎಂದರೆ ಎಷ್ಟು?

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಐಎಸ್ 10500, 2012ರದು. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಆರ್ಸೆನಿಕ್ ಮತ್ತು ಸೀಸಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

0.01 ಮಿಲಿಗ್ರಾಂ ಎಂದರೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಹೀಗೆ ಯೋಚಿಸಿ. ಊರಿನ ಓವರ್‌ಹೆಡ್ ಟ್ಯಾಂಕಿನಲ್ಲಿ 50,000 ಲೀಟರ್ ನೀರಿದೆ. ಅಷ್ಟೂ ನೀರಿನಲ್ಲಿ ಒಟ್ಟು ಅರ್ಧ ಗ್ರಾಂ ಆರ್ಸೆನಿಕ್ ಇದ್ದರೆ ನೀರು ಮಿತಿಯನ್ನು ಮುಟ್ಟಿದಂತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಇಲ್ಲಿಗೆ ಒಂದು ತಪ್ಪು ನಂಬಿಕೆ ಬೀಳುತ್ತದೆ: 'ನೀರು ತಿಳಿಯಾಗಿದ್ದರೆ ಶುದ್ಧ.' ಬಳ್ಳಾರಿ ಸೇರಿದಂತೆ ಬಯಲುಸೀಮೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಅದು ಹೆಚ್ಚಾಗಿ ಬರುವುದು ಗ್ರಾನೈಟ್‌ನಂಥ ಬಂಡೆಗಳ ಖನಿಜಗಳಿಂದ. ಅಂಥ ನೀರು ಗಾಜಿನಂತೆ ತಿಳಿಯಾಗಿರಬಹುದು. ವರ್ಷಗಟ್ಟಲೆ ಕುಡಿದ ಮೇಲೆ ಮಕ್ಕಳ ಹಲ್ಲಿನ ಮೇಲೆ ಕಲೆ, ದೊಡ್ಡವರ ಕೀಲು-ಮೂಳೆಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎನ್ನುವುದೂ ತಪ್ಪು. ಕುದಿಸಿದಾಗ ಕ್ರಿಮಿಗಳು ಸಾಯುತ್ತವೆ. ಆದರೆ ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ.

ಮನೆಗೆ ಫಿಲ್ಟರ್ ಮಾರಲು ಬರುವವರ ಕೈಯಲ್ಲಿರುವ ಟಿಡಿಎಸ್ ಮೀಟರ್ ಕೂಡ ಇದಕ್ಕೆ ಉತ್ತರವಲ್ಲ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿರುವ ಲವಣಗಳ ಒಟ್ಟು ಅಂದಾಜು ಸಿಗುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು, ಆರ್ಸೆನಿಕ್ ಎಷ್ಟು, ಕ್ರಿಮಿ ಇದೆಯೇ ಎಂದು ಆ ಮೀಟರ್ ಹೇಳಲಾರದು.

ಎರಡನೆಯ ಪಾಠ: ಬಾಟಲಿ ಹಿಡಿಯುವುದೂ ವಿಜ್ಞಾನ

ಹೊರಗಿನವರಿಗೆ ಅಚ್ಚರಿ ಎನಿಸಬಹುದು: ಈ ಓದಿನಲ್ಲಿ ಮಾದರಿ ಸಂಗ್ರಹಿಸುವುದನ್ನೇ ವಾರಗಟ್ಟಲೆ ಕಲಿಸುತ್ತಾರೆ. ಕಾರಣ ಸರಳ. ಮಾದರಿ ತಪ್ಪಾದರೆ ಎಷ್ಟು ದುಬಾರಿ ಯಂತ್ರವೂ ಆ ತಪ್ಪನ್ನು ತಿದ್ದಲಾರದು.

ಬೋರ್‌ವೆಲ್ ನೀರು ತರಬೇಕೆಂದರೆ ಪಂಪು ಹಾಕಿದ ಕೂಡಲೇ ಬಾಟಲಿ ಹಿಡಿಯುವಂತಿಲ್ಲ. ಪೈಪಿನಲ್ಲಿ ನಿಂತಿದ್ದ ನೀರು ಹೋಗಿ, ಒಳಗಿನ ಹೊಸ ನೀರು ಬರಬೇಕು. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ. ಲೋಹಗಳ ಪರೀಕ್ಷೆಗಾದರೆ ನೀರಿಗೆ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ಲೋಹದ ಒಂದು ಪಾಲು ಬಾಟಲಿಯ ಗೋಡೆಗೇ ಅಂಟಿಕೊಂಡು, ವರದಿಯಲ್ಲಿ ಕಡಿಮೆ ಕಾಣುತ್ತದೆ. ಕ್ರಿಮಿ ಪರೀಕ್ಷೆಗೆ ಕ್ರಿಮಿಮುಕ್ತ ಬಾಟಲಿ ಬೇಕು, ಮಾದರಿಯನ್ನು ತಣ್ಣಗಿಟ್ಟು ಬೇಗ ಪ್ರಯೋಗಾಲಯ ಮುಟ್ಟಿಸಬೇಕು. ಒಂದೇ ಬಾವಿಯ ನೀರಿಗೆ ಮೂರು ಬಾಟಲಿ ಏಕೆ ಎನ್ನುವುದಕ್ಕೆ ಇದು ಉತ್ತರ.

ಗಾಳಿಯ ವಿಷಯ ಇನ್ನೂ ನಾಜೂಕು. 2009ರ ರಾಷ್ಟ್ರೀಯ ಮಾನದಂಡದಂತೆ 24 ಗಂಟೆಯ ಸರಾಸರಿಯಲ್ಲಿ ಪಿಎಂ 10 ಕಣಗಳು ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ, ಪಿಎಂ 2.5 ಕಣಗಳು 60 ಮೈಕ್ರೋಗ್ರಾಂ ಮೀರಬಾರದು. ಪಿಎಂ 10 ಅಳೆಯುವ ಸಾಮಾನ್ಯ ಉಪಕರಣ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಫಿಲ್ಟರ್ ಕಾಗದದ ಮೂಲಕ ಎಳೆಯುತ್ತದೆ ಎಂದುಕೊಳ್ಳಿ. 24 ಗಂಟೆಗೆ 1,584 ಘನ ಮೀಟರ್. ಗಾಳಿ ಸರಿಯಾಗಿ ಮಿತಿಯಲ್ಲಿದ್ದರೆ ಕಾಗದದ ಮೇಲೆ ಕೂರುವ ದೂಳು ಸುಮಾರು 158 ಮಿಲಿಗ್ರಾಂ. ಮೊದಲಿನ ತೂಕ ಮತ್ತು ಆಮೇಲಿನ ತೂಕದ ವ್ಯತ್ಯಾಸವೇ ಉತ್ತರ.

ಈಗ ಅದೇ ಕಾಗದ ಮಳೆಗಾಲದ ಗಾಳಿಯಿಂದ 20 ಮಿಲಿಗ್ರಾಂ ತೇವ ಹೀರಿಕೊಂಡಿತು ಅನ್ನಿ. ವರದಿಯ ಅಂಕಿ ಸುಮಾರು 13 ಮೈಕ್ರೋಗ್ರಾಂ ಏರುತ್ತದೆ. ಮಿತಿಯೊಳಗಿದ್ದ ಗಾಳಿ ಮಿತಿ ಮೀರಿದಂತೆ ಕಾಣಬಹುದು! ಆದ್ದರಿಂದಲೇ ತೂಗುವ ಮುನ್ನ ಎರಡು ಸಲವೂ ಕಾಗದವನ್ನು ಒಂದೇ ಉಷ್ಣತೆ, ಒಂದೇ ತೇವಾಂಶದಲ್ಲಿ ಇಡಬೇಕು.

ಜೊತೆಗೆ ಜಾಗದ ಆಯ್ಕೆ. ಸ್ಥಾವರದ ಗಾಳಿ ಬೀಸುವ ಕಡೆ ಮಾತ್ರ ಅಳೆದರೆ ಸಾಲದು. ಗಾಳಿ ಬರುವ ಕಡೆಯೂ ಅದೇ ದಿನ ಅಳೆಯಬೇಕು. ಇಲ್ಲದಿದ್ದರೆ ಎಷ್ಟು ದೂಳು ಮೊದಲೇ ಇತ್ತು, ಎಷ್ಟು ಸೇರಿತು ಎಂದು ಹೇಳಲಾಗದು. ಕಣ್ಣಿಗೆ ಕಾಣುವ ದಪ್ಪ ದೂಳೇ ಹೆಚ್ಚು ಅಪಾಯ ಎನ್ನುವ ನಂಬಿಕೆಯೂ ಇಲ್ಲಿ ಬಿದ್ದುಹೋಗುತ್ತದೆ. ದಪ್ಪ ಕಣಗಳು ಬೇಗ ನೆಲಕ್ಕಿಳಿಯುತ್ತವೆ, ಮೂಗಿನಲ್ಲೇ ತಡೆಯಲ್ಪಡುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಾಣದ ಪಿಎಂ 2.5.

ಮೂರನೆಯ ಪಾಠ: ಯಂತ್ರ ಉತ್ತರ ಹೇಳುವುದಿಲ್ಲ

ಎರಡನೆಯ, ಮೂರನೆಯ ಸೆಮಿಸ್ಟರುಗಳಲ್ಲಿ ಉಪಕರಣಗಳ ಪರಿಚಯ. ಗಡಸುತನಕ್ಕೆ ಟೈಟ್ರೇಷನ್. ಬಣ್ಣದ ಗಾಢತೆಯಿಂದ ಪ್ರಮಾಣ ಹೇಳುವ ಸ್ಪೆಕ್ಟ್ರೋಫೋಟೋಮೀಟರ್. ಲೋಹಗಳಿಗೆ ಎಎಎಸ್ ಮತ್ತು ಅದಕ್ಕಿಂತ ಸೂಕ್ಷ್ಮವಾದ ಐಸಿಪಿ-ಎಂಎಸ್. ಕೀಟನಾಶಕಗಳಿಗೆ ಜಿಸಿ-ಎಂಎಸ್. ಖನಿಜಗಳನ್ನು ಗುರುತಿಸಲು ಎಕ್ಸ್-ಕಿರಣ ವಿವರ್ತನೆ, ಕಣದ ಆಕಾರ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಇವೆಲ್ಲ ಕೊಡುವುದು ಒಂದು ಸಂಕೇತ ಅಷ್ಟೆ. ಸಂಕೇತವನ್ನು ಪ್ರಮಾಣವಾಗಿ ಬದಲಿಸಬೇಕಾದವರು ನಾವು. ಗೊತ್ತಿರುವ ಪ್ರಮಾಣದ ಹಲವು ದ್ರಾವಣಗಳನ್ನು ಮೊದಲು ಅಳೆದು ಕ್ಯಾಲಿಬ್ರೇಷನ್ ರೇಖೆ ಎಳೆಯಬೇಕು. ಏನೂ ಇಲ್ಲದ ಶುದ್ಧ ನೀರನ್ನೂ ಮಾದರಿಯಂತೆಯೇ ಎಲ್ಲ ಹಂತಗಳಲ್ಲಿ ಹಾಯಿಸಿ ನೋಡಬೇಕು. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಬ್ಲ್ಯಾಂಕಿನಲ್ಲೇ ಸೀಸ ಸಿಕ್ಕರೆ, ಅದು ಬಾವಿಯದಲ್ಲ, ನಮ್ಮ ಬಾಟಲಿಯದೋ ಆಮ್ಲದ್ದೋ ಕೈಯದೋ ಆಗಿರುತ್ತದೆ.

ಬ್ಲ್ಯಾಂಕಿನ ಮಹತ್ವಕ್ಕೆ ಜಗತ್ತಿನ ಪ್ರಸಿದ್ಧ ಉದಾಹರಣೆ ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸವನ್ನು ಅಳೆದು ಭೂಮಿಯ ವಯಸ್ಸು ಕಂಡುಹಿಡಿಯಲು ಹೊರಟವರಿಗೆ ಎಲ್ಲೆಲ್ಲೂ ಬೇಡದ ಸೀಸ ಅಡ್ಡ ಬಂತು. ಅದನ್ನು ಹೊರಗಿಡಲು ಅವರು ಅತಿ ಸ್ವಚ್ಛ ಪ್ರಯೋಗಾಲಯ ಕಟ್ಟಬೇಕಾಯಿತು. 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಆಮೇಲೆ ಆ ಬೇಡದ ಸೀಸದ ಬೆನ್ನು ಹತ್ತಿದಾಗ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಪರಿಸರದಲ್ಲೆಲ್ಲ ಹರಡಿರುವುದು ಬಯಲಾಯಿತು. ಭಾರತದಲ್ಲಿ 2000ನೇ ಇಸವಿಯಲ್ಲಿ ಸೀಸದ ಪೆಟ್ರೋಲ್ ನಿಂತಿತು.

ನಮ್ಮ ಊರಿನ ಫ್ಲೋರೈಡ್‌ಗೂ ಇಂಥ ತೊಡಕಿದೆ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಫ್ಲೋರೈಡ್ ಎಲೆಕ್ಟ್ರೋಡ್ ಅಳೆಯುವುದು ಬಿಡಿಯಾಗಿರುವ ಫ್ಲೋರೈಡನ್ನು ಮಾತ್ರ. ಆದ್ದರಿಂದ ಟಿಸ್ಯಾಬ್ ಎಂಬ ದ್ರಾವಣ ಬೆರೆಸಿ, ಹಿಡಿದಿಟ್ಟ ಫ್ಲೋರೈಡನ್ನು ಬಿಡಿಸಿಕೊಂಡು ಆಮೇಲೆ ಅಳೆಯಬೇಕು. ಈ ಹಂತ ಬಿಟ್ಟವನಿಗೂ ಯಂತ್ರ ಒಂದು ಅಂಕಿ ತೋರಿಸುತ್ತದೆ. ಆದರೆ ಅದು ತಪ್ಪು ಅಂಕಿ.

ನಮ್ಮ ಅಳತೆ ಸರಿಯೋ ಎಂದು ತಿಳಿಯಲು ಪ್ರಮಾಣಿತ ಮಾದರಿಗಳಿವೆ. ಅವುಗಳಲ್ಲಿ ಏನೆಷ್ಟಿದೆ ಎಂದು ಮೊದಲೇ ಖಚಿತಪಡಿಸಿರುತ್ತಾರೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನೇತೃತ್ವದಲ್ಲಿ 'ಭಾರತೀಯ ನಿರ್ದೇಶಕ ದ್ರವ್ಯ' ಎಂಬ ಹೆಸರಿನಲ್ಲಿ ಇಂಥವು ಸಿದ್ಧವಾಗುತ್ತವೆ. ಅಮೆರಿಕದ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಕಲ್ಲಿದ್ದಲಿನ ಹಾರುಬೂದಿಯೂ ಒಂದು ಪ್ರಮಾಣಿತ ಮಾದರಿ! ಆ ಬೂದಿಯನ್ನು ಅಳೆದಾಗ ಪ್ರಮಾಣಪತ್ರದಲ್ಲಿರುವ ಅಂಕಿ ಬಂದರೆ ಮಾತ್ರ ನಮ್ಮ ಬೂದಿಯ ಅಂಕಿಯನ್ನು ನಂಬಬಹುದು.

ಬೂದಿಯನ್ನು ಗುರುತಿಸುವುದು ಹೇಗೆ?

ಮೊದಲಿನ ಪ್ರಶ್ನೆಗೆ ಬರೋಣ. ಕಲ್ಲಿದ್ದಲಿನ ಹಾರುಬೂದಿಯಲ್ಲಿ ಹೆಚ್ಚಾಗಿರುವುದು ಸಿಲಿಕಾ, ಅಲ್ಯೂಮಿನಾ, ಕಬ್ಬಿಣದ ಆಕ್ಸೈಡ್. ಸಗಣಿ ಬೂದಿಯಲ್ಲೂ ಸಿಲಿಕಾ ಇದೆ. ದನ ಮೇಯ್ದ ಹುಲ್ಲಿನದು. ಹೊಲದ ಮಣ್ಣಿನಲ್ಲೂ ಸಿಲಿಕಾ ಇದೆ. ಹಾಗಾಗಿ 'ಸಿಲಿಕಾ ಸಿಕ್ಕಿತು' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ.

ವ್ಯತ್ಯಾಸ ಇರುವುದು ರೂಪದಲ್ಲಿ. ಕುಲುಮೆಯ ಅತಿ ಬಿಸಿಯಲ್ಲಿ ಕರಗಿ, ಗಾಳಿಯಲ್ಲಿ ತೇಲುತ್ತಲೇ ತಣಿದ ಹಾರುಬೂದಿಯ ಕಣಗಳು ಗುಂಡಗಿನ ಗಾಜಿನ ಮಣಿಗಳಂತೆ ಕಾಣುತ್ತವೆ. ಅದರಲ್ಲಿ ಮುಲ್ಲೈಟ್ ಎಂಬ ಖನಿಜವೂ ಇರುತ್ತದೆ. ಹುಲ್ಲಿನ ಸಿಲಿಕಾ ಸಸ್ಯದ ಜೀವಕೋಶಗಳ ಆಕಾರವನ್ನು ಉಳಿಸಿಕೊಂಡಿರುತ್ತದೆ. ಅದಿರಿನ ದೂಳಿನಲ್ಲಿ ಹೆಮಟೈಟ್ ಎದ್ದು ಕಾಣುತ್ತದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಬಳ್ಳಾರಿ ಸೀಮೆಯ ಕೆಂಪು ಮಣ್ಣಿನಲ್ಲೇ ಕಬ್ಬಿಣವಿದೆ. ಮಾಳಿಗೆಯ ದೂಳಿನಲ್ಲಿ ಕಬ್ಬಿಣ ಸಿಕ್ಕ ಮಾತ್ರಕ್ಕೆ ಅದು ಗಣಿಯದು ಅಥವಾ ಕಾರ್ಖಾನೆಯದು ಎನ್ನುವಂತಿಲ್ಲ. ಸ್ಥಳೀಯ ಮಣ್ಣು, ಬೂದಿ, ಅದಿರು, ರಸ್ತೆಯ ದೂಳು ಎಲ್ಲದರ ಮಾದರಿಗಳನ್ನು ಬೇರೆಬೇರೆಯಾಗಿ ಅಳೆದು, ಹಲವು ಧಾತುಗಳ ಅನುಪಾತವನ್ನು ಹೋಲಿಸಿ, ಗಾಳಿಯ ದಿಕ್ಕನ್ನೂ ಸೇರಿಸಿ ಲೆಕ್ಕ ಹಾಕಬೇಕು. ಆಗ 'ಇಷ್ಟು ಪಾಲು ಇಲ್ಲಿಂದ' ಎಂಬ ಅಂದಾಜು ಸಿಗುತ್ತದೆ. ಒಂದೇ ಮಾದರಿಯಿಂದ ಯಾರನ್ನೂ ದೂರಲಾಗದು, ಯಾರನ್ನೂ ಬಿಟ್ಟುಬಿಡಲೂ ಆಗದು.

ಇನ್ನೊಂದು ಸೂಕ್ಷ್ಮ. ಬೂದಿಯಲ್ಲಿ ಒಟ್ಟು ಎಷ್ಟು ಆರ್ಸೆನಿಕ್ ಇದೆ ಎನ್ನುವುದು ಒಂದು ಪ್ರಶ್ನೆ. ಅದರಲ್ಲಿ ಎಷ್ಟು ನೀರಿಗೆ ಇಳಿಯುತ್ತದೆ ಎನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಬೂದಿಯನ್ನು ಬಲವಾದ ಆಮ್ಲಗಳಲ್ಲಿ ಪೂರ್ತಿ ಕರಗಿಸಬೇಕು. ಎರಡನೆಯದಕ್ಕೆ ನೀರು ಅಥವಾ ದುರ್ಬಲ ಆಮ್ಲದಲ್ಲಿ ಗಂಟೆಗಟ್ಟಲೆ ಅಲುಗಾಡಿಸಿ, ಇಳಿದದ್ದನ್ನು ಅಳೆಯಬೇಕು. ಊರಿನ ಬಾವಿಯ ಚಿಂತೆ ಇರುವವರಿಗೆ ಎರಡನೆಯ ಅಂಕಿಯೇ ಮುಖ್ಯ. ವರದಿಯಲ್ಲಿ ಇರುವುದು ಯಾವ ಅಂಕಿ ಎಂದು ಕೇಳಲು ಗೊತ್ತಿರಬೇಕು.

ಬೂದಿಯ ಸಿಲಿಕಾ ಕರಗಿಸಲು ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಬಲು ಅಪಾಯಕಾರಿ. ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ, ನೋವು ತಡವಾಗಿಯೂ ಶುರುವಾಗಬಹುದು. ಕೈಗವಸು, ಫ್ಯೂಮ್ ಹುಡ್, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದ ಪ್ರಯೋಗಾಲಯದಲ್ಲಿ ಈ ಆಮ್ಲವನ್ನು ಮುಟ್ಟಬಾರದು. ಸುರಕ್ಷತೆಯೂ ಈ ಓದಿನ ಒಂದು ಪಾಠವೇ.

ನಾಲ್ಕನೆಯ ಪಾಠ: 'ಸುಮಾರು' ಎಂದು ಹೇಳುವ ಧೈರ್ಯ

ಒಂದು ಬಾವಿಯ ವರದಿ ಫ್ಲೋರೈಡ್ 1.4 ಮಿಲಿಗ್ರಾಂ ಎನ್ನುತ್ತದೆ. ಮಿತಿ 1.5. ಹಾಗಾದರೆ ಚಿಂತೆಯಿಲ್ಲವೇ? ಆ ಅಳತೆಯ ಅನಿಶ್ಚಿತತೆ 0.2 ಇದ್ದರೆ, ನಿಜವಾದ ಪ್ರಮಾಣ 1.2ರಿಂದ 1.6ರ ನಡುವೆ ಎಲ್ಲಾದರೂ ಇರಬಹುದು. ಮಿತಿಯೊಳಗಿದೆ ಎಂದೂ ಖಚಿತವಾಗಿ ಹೇಳಲಾಗದು, ಮೀರಿದೆ ಎಂದೂ ಹೇಳಲಾಗದು. ಮತ್ತೆ ಅಳೆಯಬೇಕು, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಅಳೆಯಬೇಕು.

ಪ್ರಯೋಗಾಲಯದ ವರದಿ ಬರೀ ಅಂಕಿಯಲ್ಲ. ಅದರ ಮೇಲೆ ಒಂದು ಊರಿಗೆ ಬೇರೆ ನೀರು ಕೊಡಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ರೈತನ ದೂರಿಗೆ ಬಲ ಬರುತ್ತದೆ ಅಥವಾ ದೂರು ಬಿದ್ದುಹೋಗುತ್ತದೆ. ಹಾಗಾಗಿ ಅಂಕಿಅಂಶ ಶಾಸ್ತ್ರ ಈ ಪದವಿಯ ಕಡ್ಡಾಯ ಭಾಗ. ಅದರ ಜೊತೆಗೆ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ: ನಮಗೆ ಬೇಕಾದ ಉತ್ತರ ಬರದಿದ್ದಾಗಲೂ ಬಂದ ಉತ್ತರವನ್ನೇ ಬರೆಯುವುದು. ಊರಿನ ಹುಡುಗನೋ ಹುಡುಗಿಯೋ ತನ್ನ ಊರಿನ ದೂಳನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಂಡಾಗ ಇದು ಇನ್ನೂ ಕಷ್ಟ. ಆದರೆ ಹಾಗೆ ಬರೆದ ವರದಿಯನ್ನು ಎದುರು ಪಕ್ಷದವರೂ ತಳ್ಳಿಹಾಕಲಾರರು.

ಕಾನೂನು ಏಕೆ ಓದಬೇಕು?

1974ರ ಜಲ ಕಾಯಿದೆ, 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ ಈ ಮೂರೂ ಪಠ್ಯದಲ್ಲಿರುತ್ತವೆ. ಕಾನೂನಿನ ಪ್ರಕ್ರಿಯೆಯಲ್ಲಿ ನಿಲ್ಲಬೇಕಾದ ಮಾದರಿಯನ್ನು ಯಾರು ತೆಗೆಯಬೇಕು, ಹೇಗೆ ಮುದ್ರೆ ಹಾಕಬೇಕು, ಯಾವ ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂಬುದಕ್ಕೆ ನಿಯಮಗಳಿವೆ. ವಿದ್ಯಾರ್ಥಿ ಪ್ರಾಜೆಕ್ಟ್‌ಗಾಗಿ ತಂದ ಬಾಟಲಿ ತಿಳಿವಳಿಕೆಗೆ ಒಳ್ಳೆಯದು, ಆದರೆ ಅದನ್ನೇ ಕಾನೂನಿನ ಪುರಾವೆ ಎಂದುಕೊಳ್ಳಬಾರದು. ಹಾರುಬೂದಿಯ ಬಳಕೆಗೂ ಕೇಂದ್ರ ಸರ್ಕಾರದ ಅಧಿಸೂಚನೆಗಳಿವೆ: ಮೊದಲನೆಯದು 1999ರದು, ಹೊಸದು 2021ರ ಡಿಸೆಂಬರ್‌ನದು. ಸಿಮೆಂಟು, ಇಟ್ಟಿಗೆ, ರಸ್ತೆ ಕೆಲಸಗಳಿಗೆ ಬೂದಿ ಹೋಗುವುದು ಈ ನಿಯಮಗಳಡಿ. ಅಲ್ಲೂ ಬೂದಿಯ ಗುಣಮಟ್ಟ ಅಳೆಯುವ ಕೆಲಸವಿದೆ.

ಓದಿದ ಮೇಲೆ?

ಮಾಲಿನ್ಯ ನಿಯಂತ್ರಣ ಮಂಡಳಿಗಳ ವೈಜ್ಞಾನಿಕ ಹುದ್ದೆಗಳು, ಕುಡಿಯುವ ನೀರಿನ ಪ್ರಯೋಗಾಲಯಗಳು, ಎನ್‌ಎಬಿಎಲ್ ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳು, ಕೈಗಾರಿಕೆಗಳ ಪರಿಸರ ವಿಭಾಗ, ಆಹಾರ ಮತ್ತು ಔಷಧ ಪರೀಕ್ಷೆ ಇವು ಸಾಮಾನ್ಯ ದಾರಿಗಳು. ಸರ್ಕಾರಿ ಹುದ್ದೆಗಳ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಅದನ್ನೇ ನೆಚ್ಚಿಕೊಂಡು ಕೂರದಿರುವುದು ಲೇಸು. ಕೆಲವು ಹುದ್ದೆಗಳಿಗೆ ರಸಾಯನ ವಿಜ್ಞಾನದ ಪದವಿಯೇ ಬೇಕೆಂದಿರುತ್ತದೆ, ಆದ್ದರಿಂದ ಎಂಎಸ್ಸಿಯ ಹೆಸರು ಆರಿಸುವಾಗ ಹಳೆಯ ಅಧಿಸೂಚನೆಗಳನ್ನು ಒಮ್ಮೆ ಓದಿ ನೋಡಿ.

ಸಂಶೋಧನೆಗೆ ಹೋಗುವವರಿಗೆ ಯುಜಿಸಿ-ನೆಟ್‌ನಲ್ಲಿ ಪರಿಸರ ವಿಜ್ಞಾನ ಎಂಬ ವಿಷಯವಿದೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಸೇರಿದೆ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಎಂದು 2023ರ ಜನವರಿಯಿಂದ ನಿಗದಿಯಾಗಿದೆ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಾಲೇಜಿನ ಕರಪತ್ರದಲ್ಲಿ ಉಪಕರಣಗಳ ಪಟ್ಟಿ ಉದ್ದವಾಗಿರಬಹುದು. ಒಮ್ಮೆ ಹೋಗಿ ಸೀನಿಯರ್ ವಿದ್ಯಾರ್ಥಿಗಳನ್ನು ಇವಿಷ್ಟು ಕೇಳಿ:

- ಉಪಕರಣ ಕೆಲಸ ಮಾಡುತ್ತಿದೆಯೇ? ವಿದ್ಯಾರ್ಥಿಗಳು ಅದನ್ನು ತಾವೇ ನಡೆಸುತ್ತಾರೆಯೇ, ಇಲ್ಲವೇ ದೂರದಿಂದ ನೋಡುತ್ತಾರೆಯೇ?
- ಮಾದರಿ ಸಂಗ್ರಹಕ್ಕೆ ಊರು, ಕೆರೆ, ಕಾರ್ಖಾನೆಗಳಿಗೆ ಕರೆದೊಯ್ಯುತ್ತಾರೆಯೇ?
- ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಸ್ವಂತ ಮಾದರಿ, ಸ್ವಂತ ಅಳತೆಯದೇ?
- ಬ್ಲ್ಯಾಂಕ್, ಪ್ರಮಾಣಿತ ಮಾದರಿ, ಅನಿಶ್ಚಿತತೆಯ ಲೆಕ್ಕ ಪ್ರಾಯೋಗಿಕ ತರಗತಿಯಲ್ಲಿ ಮಾಡಿಸುತ್ತಾರೆಯೇ?
- ಆಮ್ಲಗಳೊಂದಿಗೆ ಕೆಲಸ ಮಾಡಲು ಸುರಕ್ಷತೆಯ ಏರ್ಪಾಡು ಹೇಗಿದೆ?
- ಕಳೆದ ಎರಡು-ಮೂರು ವರ್ಷಗಳಲ್ಲಿ ಮುಗಿಸಿದವರು ಈಗ ಎಲ್ಲಿದ್ದಾರೆ, ಎಷ್ಟು ಸಂಬಳದಲ್ಲಿದ್ದಾರೆ?

ದೊಡ್ಡ ಯಂತ್ರ ಇಲ್ಲದ ಕಡೆಯೂ ಒಳ್ಳೆಯ ವಿಶ್ಲೇಷಕರು ತಯಾರಾಗಬಲ್ಲರು. ಟೈಟ್ರೇಷನ್, ಸ್ಪೆಕ್ಟ್ರೋಫೋಟೋಮೀಟರ್, ಒಳ್ಳೆಯ ತಕ್ಕಡಿ ಇಷ್ಟರಲ್ಲೇ ಶಿಸ್ತು ಕಲಿತವರಿಗೆ ಐಸಿಪಿ-ಎಂಎಸ್ ಕಲಿಯುವುದು ಕಷ್ಟವಾಗುವುದಿಲ್ಲ. ಶಿಸ್ತು ಇಲ್ಲದವರ ಕೈಗೆ ದುಬಾರಿ ಯಂತ್ರ ಕೊಟ್ಟರೂ ಪ್ರಯೋಜನವಿಲ್ಲ.

ಓದದವರಿಗೂ ಇದರಿಂದ ಏನು?

ಜಲ ಜೀವನ್ ಮಿಷನ್‌ನಡಿ ಹಳ್ಳಿಗಳಲ್ಲಿ ಕಿಟ್ ಬಳಸಿ ನೀರು ಪರೀಕ್ಷಿಸಲು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಕಿಟ್ ಸಂಶಯವನ್ನು ಎತ್ತಿ ತೋರಿಸುತ್ತದೆ, ಪ್ರಯೋಗಾಲಯ ಅದನ್ನು ಖಚಿತಪಡಿಸುತ್ತದೆ. ನಿಮ್ಮ ಊರಿನ ನೀರಿನ ಅಥವಾ ಗಾಳಿಯ ವರದಿ ಕೈಗೆ ಬಂದಾಗ ನಾಲ್ಕು ಸಂಗತಿ ನೋಡಿ: ಮಾದರಿ ಎಲ್ಲಿ, ಯಾವ ದಿನ ತೆಗೆದದ್ದು? ಯಾವ ವಿಧಾನದಲ್ಲಿ ಅಳೆದದ್ದು? ಮಿತಿ ಎಷ್ಟು? ಅನಿಶ್ಚಿತತೆ ಎಷ್ಟು? ಇವು ಇಲ್ಲದ ವರದಿಯನ್ನು ಹೊಗಳುವುದೂ ಬೇಡ, ಅದಕ್ಕೆ ಹೆದರುವುದೂ ಬೇಡ. ಮೊದಲು ಇವನ್ನು ಕೇಳಿ ಪಡೆಯಿರಿ.

ಬೂದಿದಿಬ್ಬವನ್ನು ರಾಕ್ಷಸನ ಬೂದಿ ಎಂದುಕೊಂಡಿದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಇಂದು ಉಸಿರಾಡುವ ಗಾಳಿ, ಕುಡಿಯುವ ನೀರಿನ ವಿಷಯದಲ್ಲಿ ಊಹೆ ಸಾಲದು. ಅಳೆದು ಹೇಳುವವರು ಕುಡತಿನಿಯಂಥ ಊರುಗಳಿಂದಲೇ ಬಂದರೆ, ಎಲ್ಲಿ ಅಳೆಯಬೇಕು ಎನ್ನುವುದಾದರೂ ಅವರಿಗೆ ಮೊದಲೇ ಗೊತ್ತಿರುತ್ತದೆ.